ಯಂತ್ರ ಕಡಿಮೆ, ಮಂತ್ರ ಜಾಸ್ತಿ: ಜಗುಲಿಯಲ್ಲೊಂದು ನಾಡು ಕಟ್ಟೋಣ

ಕರಾವಳಿಯ ಮಳೆಗಾಲದಲ್ಲಿ ಮೊಮ್ಮಕ್ಕಳು ಮನೆಯಲ್ಲಿದ್ದರೆ ಅಜ್ಜ ಅಜ್ಜಿಯರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಸಂಜೆಗೆ ತಿನ್ನಲು ಏನು ಕೊಡುವುದು? ಕರೆಂಟು ಹೋದ ಮೇಲೆ ಏನು ಆಡಿಸುವುದು? ಮೊದಲನೆಯದಕ್ಕೆ ಹಲಸಿನ ಹಪ್ಪಳ ಇದೆ. ಎರಡನೆಯದಕ್ಕೆ ನಮ್ಮ ಮನೆಯಲ್ಲಿ ಸಿಕ್ಕಿದ ಉತ್ತರವನ್ನು ಇಲ್ಲಿ ಹೇಳುತ್ತೇನೆ. ಅದಕ್ಕೆ ಬೇಕಾದದ್ದು ಒಂದು ದೊಡ್ಡ ಹಾಳೆ, ಪೆನ್ಸಿಲು, ನಾಲ್ಕು ಕವಡೆ ಮತ್ತು ಕತೆ ಗೊತ್ತಿರುವ ಒಬ್ಬ ಹಿರಿಯರು. ದುಡ್ಡು ಕೊಟ್ಟು ತರುವಂಥದ್ದು ಏನೂ ಇಲ್ಲ.

ನಾನು ಹೊನ್ನಾವರದ ಕಡೆ ಹುಟ್ಟಿ ಕುಮಟಾಕ್ಕೆ ಸೇರಿದವಳು. ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಈ ಆಟವನ್ನು ಮನೆಗೆ ತಂದವಳು ಆರನೆಯ ತರಗತಿಯ ಮೊಮ್ಮಗಳು. ಇದನ್ನು ಪಾತ್ರ ವಹಿಸುವ ಆಟ ಅನ್ನಬಹುದು. ಅವಳ ಮಾತಿನಲ್ಲಿ ಇದು ‘ರೋಲ್ ಪ್ಲೇಯಿಂಗ್ ಗೇಮ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಅಲ್ಲಿಂದ ಈ ಬಗೆಯ ಆಟ ಲೋಕವೆಲ್ಲ ಹರಡಿತು. ಆಡುವವರಲ್ಲಿ ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. “ಎದುರಿಗೆ ಹೊಳೆ ಇದೆ, ಏನು ಮಾಡುತ್ತೀ?” ಎಂದು ನಡೆಸುವವರು ಕೇಳಿದರೆ ಪಾತ್ರಧಾರಿ ಉತ್ತರ ಹೇಳಬೇಕು. ಕೆಲಸ ಸುಲಭದ್ದಲ್ಲ ಎನಿಸಿದರೆ ದಾಳ ಎಸೆಯಬೇಕು. ಗೆಲ್ಲುವುದು ಸೋಲುವುದು ಅದರ ಮೇಲೆ. ಆಟ ನಡೆಯುವುದು ಸಾಮಾನ್ಯವಾಗಿ ಒಂದು ಕಲ್ಪನೆಯ ನಾಡಿನಲ್ಲಿ. ಅಲ್ಲಿ ಮೋಟಾರು, ಫೋನು, ವಿದ್ಯುತ್ತು ಇಲ್ಲ. ಮಂತ್ರ ಮಾಯೆ ಮಾತ್ರ ಧಾರಾಳ.

ಅವಳು ಇಷ್ಟು ಹೇಳಿ ಮುಗಿಸುವಾಗ ನನಗೆ ನಗು ಬಂತು. ನಮ್ಮ ಜಗುಲಿಗೆ ಈ ಆಟ ಹೊಸದೇನಲ್ಲ.

ಇದು ತಾಳಮದ್ದಲೆಯಲ್ಲವೇ?

ಮಳೆಗಾಲದಲ್ಲಿ ಯಕ್ಷಗಾನದ ಬಯಲಾಟ ನಿಂತಾಗ ನಮ್ಮ ಕಡೆ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಮದ್ದಲೆ, ಚಂಡೆ ಜೊತೆಗಿರುತ್ತವೆ. ಎದುರುಬದುರು ಕುಳಿತ ಅರ್ಥಧಾರಿಗಳಲ್ಲಿ ಒಬ್ಬರು ಅರ್ಜುನನಾಗುತ್ತಾರೆ, ಇನ್ನೊಬ್ಬರು ಹನುಮಂತನಾಗುತ್ತಾರೆ. ಪದ್ಯ ಮಾತ್ರ ಬರೆದದ್ದು, ಮಾತೆಲ್ಲ ಆ ಕ್ಷಣಕ್ಕೆ ಹುಟ್ಟಿದ್ದು. ಎದುರಿನವರು ಏನು ಕೇಳುತ್ತಾರೆ ಎಂದು ಮೊದಲೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ ಪಾತ್ರದ ಬಾಯಿಂದಲೇ ಉತ್ತರ ಹೊರಡಬೇಕು.

ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳು ತಕ್ಷಣ ಒಂದು ವ್ಯತ್ಯಾಸ ಹಿಡಿದಳು. “ತಾಳಮದ್ದಲೆಯಲ್ಲಿ ಕೊನೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಆಟದಲ್ಲಿ ಗೊತ್ತಿಲ್ಲ.” ಸರಿಯಾದ ಮಾತು. ಕರ್ಣಪರ್ವದಲ್ಲಿ ಕರ್ಣ ಬೀಳಲೇಬೇಕು. ಅವನು ಹೇಗೆ ಬಿದ್ದ, ಬೀಳುವ ಮುಂಚೆ ಏನು ಹೇಳಿದ ಎನ್ನುವುದರಲ್ಲಿ ಅರ್ಥಧಾರಿಯ ಜಾಣ್ಮೆ ಇರುತ್ತದೆ. ಮಕ್ಕಳ ಆಟದಲ್ಲಿ ಕೊನೆಯನ್ನೂ ಆಡುವವರೇ ಕಂಡುಹಿಡಿಯಬೇಕು. ಹಾಗಾಗಿ ಕತೆ ನಡೆಸುವವರಿಗೆ ಪ್ರಸಂಗ ಗೊತ್ತಿದ್ದರೆ ಸಾಲದು, ಇಡೀ ನಾಡು ಗೊತ್ತಿರಬೇಕು. ಆಡುವವರು ಯಾವ ಕಡೆ ತಿರುಗಿದರೂ ಅಲ್ಲೊಂದು ದಾರಿ, ಒಂದು ಮನೆ, ಒಬ್ಬ ಮನುಷ್ಯ ಇರಬೇಕು.

ಕಡಿಮೆ ಸಾಮಾನಿನಲ್ಲಿ ದೊಡ್ಡ ಲೋಕ ಕಟ್ಟುವುದನ್ನು ಬಯಲಾಟದಿಂದಲೇ ಕಲಿಯಬೇಕು. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅದೇ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅವರ ಭಸ್ಮಾಸುರನನ್ನು ನೋಡಿದ ಅಜ್ಜಂದಿರು ಇವತ್ತಿಗೂ ಅದನ್ನೇ ಹೇಳುತ್ತಾರೆ. ಆ ರಂಗಸ್ಥಳದ ಮೇಲೆ ಏನಿರುತ್ತದೆ? ಒಂದು ಮರದ ರಥ, ಅಂದರೆ ಕೂರುವ ಪೀಠ. ಅದೇ ಸಿಂಹಾಸನ, ಅದೇ ಬೆಟ್ಟ, ಅದೇ ತೇರು. ನಾಲ್ಕು ಸುತ್ತು ಹಾಕಿದರೆ ಕಾಡು ದಾಟಿದಂತೆ. ಹಿಂದೆ ಬೆಳಕಿಗೆ ದೀವಟಿಗೆ, ರಾಕ್ಷಸನ ಮುಖಕ್ಕೆ ಬಣ್ಣ, ತಲೆಗೆ ಹಗುರ ಮರದ ಕಿರೀಟ. ಇಷ್ಟರಲ್ಲಿ ಸ್ವರ್ಗ, ಪಾತಾಳ, ಲಂಕೆ ಎಲ್ಲವೂ ಕಣ್ಣಮುಂದೆ ಬರುತ್ತಿದ್ದವು. ನಮಗೂ ಇಷ್ಟು ಸಾಕು.

ನಕ್ಷೆಗೆ ದೂರ ಹೋಗಬೇಕಿಲ್ಲ

ನಾಡಿಗೆ ಮೊದಲು ನಕ್ಷೆ ಬೇಕು. ಮಕ್ಕಳು ಹಿಮದ ಬೆಟ್ಟ, ಮರಳುಗಾಡು ಬರೆಯಲು ಹೊರಟಿದ್ದರು. ನಾನು ತಡೆದೆ. ಹಿಮ ಕಾಲಿಗೆ ಹೇಗೆ ತಾಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕೆಸರು ಹೇಗೆ ತಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿರುವ ಕಡೆಯಿಂದ ಶುರು ಮಾಡೋಣ ಎಂದೆ.

ಹಾಳೆಯ ಕೆಳಗೆ ಭಟ್ಕಳ, ನಡುವೆ ಹೊನ್ನಾವರ, ಮೇಲೆ ಕುಮಟಾ. ಎಡಕ್ಕೆ ಕಡಲು, ಬಲಕ್ಕೆ ಘಟ್ಟ. ಹೊನ್ನಾವರದ ಬಳಿ ಶರಾವತಿ ಕಡಲು ಸೇರುತ್ತದೆ, ಕುಮಟಾದ ಉತ್ತರಕ್ಕೆ ಅಘನಾಶಿನಿ. ಭಟ್ಕಳದ ಕಡೆ ವೆಂಕಟಾಪುರ ಹೊಳೆ. ಮೂರು ಹೊಳೆ ಬರೆದ ಮೇಲೆ ಚಿಕ್ಕ ಮೊಮ್ಮಗ ನಾಡಿಗೆ ‘ಮೂರು ಹೊಳೆ ಸೀಮೆ’ ಎಂದು ಹೆಸರಿಟ್ಟ. ಮುರ್ಡೇಶ್ವರದ ಆಚೆ ಕಡಲಿನಲ್ಲಿ ನೇತ್ರಾಣಿ ದ್ವೀಪ. ಕುಮಟಾ ತಾಲ್ಲೂಕಿನ ಕಾಡಿನೊಳಗೆ ಯಾಣದ ಕಪ್ಪು ಶಿಲೆಗಳು. ಅವುಗಳಲ್ಲಿ ದೊಡ್ಡದಾದ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಮೋಹಿನಿ ಶಿಖರ ಸುಮಾರು 90 ಮೀಟರ್. ಅಘನಾಶಿನಿಯ ದಡದ ಕಡೆ ಮಿರ್ಜಾನಿನ ಚಿರೆಕಲ್ಲಿನ ಕೋಟೆ. ಕಲ್ಪನೆಯ ನಾಡಿಗೆ ಇದಕ್ಕಿಂತ ಚೆನ್ನಾದ ಜಾಗ ಎಲ್ಲಿ ಸಿಗುತ್ತದೆ?

ಜನರನ್ನೂ ಇಲ್ಲಿಂದಲೇ ತೆಗೆದುಕೊಂಡೆವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಮಿರ್ಜಾನ್ ಕೋಟೆಯ ಜೊತೆಗೂ ಅವಳ ಹೆಸರು ಸೇರಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದರು. ಹಾಗಾಗಿ ನಮ್ಮ ಸೀಮೆಯಲ್ಲಿ ನಾಣ್ಯವಿಲ್ಲ, ವ್ಯಾಪಾರವೆಲ್ಲ ಮೆಣಸಿನ ಲೆಕ್ಕದಲ್ಲಿ. ದೋಣಿ ದಾಟಲು ಒಂದು ಕುಡ್ತೆ ಮೆಣಸು, ಒಂದು ಕತ್ತಿಗೆ ಮೂರು ಸೇರು. ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಕಂಡೆನೆಂದು ಬರೆದಿಟ್ಟಿದ್ದಾನೆ. ಇದನ್ನು ಕೇಳಿ ಮೊಮ್ಮಗಳು ನಮ್ಮ ಸೀಮೆಯ ಹೊನ್ನಾವರದಲ್ಲಿ 36 ಮಂತ್ರಶಾಲೆಗಳನ್ನು ತೆರೆದಳು. ಹುಡುಗಿಯರದು ಯಾಕೆ ಕಡಿಮೆ ಎಂದು ಜಗಳ ಮಾಡಿ, ಎರಡಕ್ಕೂ 18 ಎಂದು ಹಂಚಿದಳು.

ಭಾಷೆಯೂ ಒಂದೇ ಇರಬಾರದು ಎಂದು ತೀರ್ಮಾನವಾಯಿತು. ನಮ್ಮ ಪೇಟೆಯಲ್ಲಿ ಕನ್ನಡ, ಕೊಂಕಣಿ ಕೇಳುತ್ತವೆ. ಭಟ್ಕಳದ ಬೀದಿಯಲ್ಲಿ ನವಾಯತಿ ಕೇಳುತ್ತದೆ. ಹಾಲಕ್ಕಿಯವರ ಕನ್ನಡದ ರಾಗವೇ ಬೇರೆ. ಆಟದಲ್ಲಿ ಪ್ರತಿ ಪಾತ್ರಕ್ಕೂ ಎರಡೇ ಭಾಷೆ ಬರುತ್ತದೆ. ಮೂರನೆಯದು ಬೇಕಾದರೆ ಗೆಳೆಯರು ಬೇಕು.

‘ಆದರೆ’ ಇಲ್ಲದ ಮಂತ್ರ ಬೇಡ

ಇನ್ನು ಮಂತ್ರದ ವಿಷಯ. ಮೊದಲ ದಿನ ಮಕ್ಕಳು ಬರೆದ ಮಂತ್ರಗಳು ಹೀಗಿದ್ದವು: ಹಾರುವುದು, ಮಾಯವಾಗುವುದು, ಬೇಕಾದ ತಿಂಡಿ ತರಿಸುವುದು, ಎದುರಾಳಿಯನ್ನು ಸುಟ್ಟು ಬೂದಿ ಮಾಡುವುದು. ಆಟ ಹತ್ತು ನಿಮಿಷಕ್ಕೆ ಮುಗಿದುಹೋಯಿತು. ಹಾರಲು ಬಂದರೆ ಹೊಳೆ ಯಾಕೆ? ಕೇಳಿದ ತಿಂಡಿ ಬಂದರೆ ಗದ್ದೆ ಉಳುವವರು ಯಾಕೆ? ಎಲ್ಲವನ್ನೂ ಮಂತ್ರವೇ ಮಾಡಿದರೆ ಆ ನಾಡಿನಲ್ಲಿ ದೋಣಿಯವನಿಗೆ, ಕುಂಬಾರನಿಗೆ, ಅಡುಗೆಯವಳಿಗೆ ಜಾಗವೇ ಇಲ್ಲ. ಆಡುವವರಿಗೂ ಕೆಲಸವಿಲ್ಲ.

ಆಗ ಅವರಿಗೆ ಗೋಕರ್ಣದ ಕತೆ ಹೇಳಿದೆ. ರಾವಣನಿಗೆ ಶಿವನ ಆತ್ಮಲಿಂಗವೇ ಸಿಕ್ಕಿತು. ಅದಕ್ಕಿಂತ ದೊಡ್ಡದು ಇನ್ನೇನಿದೆ? ಆದರೆ ಲಂಕೆ ಮುಟ್ಟುವ ತನಕ ಅದನ್ನು ನೆಲಕ್ಕೆ ಇಡುವಂತಿಲ್ಲ. ಸಂಧ್ಯಾವಂದನೆಯ ಹೊತ್ತಾಯಿತು, ಕೈಯಲ್ಲಿ ಲಿಂಗವಿದೆ, ಎದುರಿಗೆ ಬಾಲಕನ ವೇಷದ ಗಣಪತಿ. ಮೂರು ಸಲ ಕರೆಯುತ್ತೇನೆ, ಬಾರದಿದ್ದರೆ ಕೆಳಗಿಡುತ್ತೇನೆ ಎಂಬ ಅವನ ಕರಾರು. ಮುಂದಿನದು ನಿಮಗೆ ಗೊತ್ತು. ಲಿಂಗ ಗೋಕರ್ಣದಲ್ಲಿ ಉಳಿಯಿತು. ರಾವಣ ಸಿಟ್ಟಿನಿಂದ ಎಸೆದ ಪೆಟ್ಟಿಗೆ, ಮುಚ್ಚಳ, ದಾರ, ಬಟ್ಟೆ ಬಿದ್ದ ಜಾಗಗಳೇ ಸಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರ್ಡೇಶ್ವರ ಎಂದು ಸ್ಥಳಪುರಾಣ ಹೇಳುತ್ತದೆ. ಒಂದು ಸಣ್ಣ ಕರಾರಿನಿಂದ ನಮ್ಮ ಕರಾವಳಿಯ ಅರ್ಧ ನಕ್ಷೆಯೇ ಹುಟ್ಟಿಬಿಟ್ಟಿತು!

ಯಾಣದ ಕತೆಯೂ ಹಾಗೆಯೇ. ಯಾರ ತಲೆ ಮೇಲೆ ಕೈ ಇಟ್ಟರೂ ಅವರು ಬೂದಿಯಾಗುವ ವರ ಭಸ್ಮಾಸುರನಿಗಿತ್ತು. ವರದಲ್ಲಿ ‘ತನ್ನ ತಲೆಯನ್ನು ಬಿಟ್ಟು’ ಎಂಬ ಮಾತು ಇರಲಿಲ್ಲ. ಮೋಹಿನಿಗೆ ಅಷ್ಟು ಸಾಕಾಯಿತು. ಇನ್ನೊಂದು ಮಾತೂ ಇಲ್ಲಿದೆ. ವರ ಕೊಟ್ಟ ಶಿವನೇ ಓಡಬೇಕಾಯಿತು, ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಹಿರಣ್ಯಕಶಿಪುವಿನ ವರದಲ್ಲಿ ಹೊಸ್ತಿಲು, ಮುಸ್ಸಂಜೆ ಬಿಟ್ಟುಹೋಗಿದ್ದವು. ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ಹೋಗುವುದು ಗೊತ್ತಿತ್ತು, ಹೊರಗೆ ಬರುವುದು ಗೊತ್ತಿರಲಿಲ್ಲ. ಕತೆ ನಮ್ಮನ್ನು ಹಿಡಿದು ಕೂರಿಸುವುದು ಇಂಥ ‘ಆದರೆ’ಗಳಿಂದ.

ಹಾಗಾಗಿ ಹಾಳೆಯಲ್ಲಿ ಎರಡು ಸಾಲು ಗೀಟು ಹಾಕಿದೆ. ಎಡಗಡೆ ಮಂತ್ರ, ಬಲಗಡೆ ‘ಆದರೆ’. ಬಲಗಡೆ ಖಾಲಿ ಇದ್ದ ಮಂತ್ರಕ್ಕೆ ನಮ್ಮ ನಾಡಿನಲ್ಲಿ ಪ್ರವೇಶವಿಲ್ಲ. ಮಕ್ಕಳು ಬರೆದ ಮೂರನ್ನು ನೋಡಿ:

ದೀಪವಿದ್ಯೆ: ದೀಪದ ಎದುರು ಯಾರೂ ಸುಳ್ಳು ಹೇಳಲಾರರು. ಆದರೆ ಹೊನ್ನೆ ಎಣ್ಣೆಯ ದೀಪವೇ ಆಗಬೇಕು, ಮತ್ತು ದೀಪ ಹಚ್ಚಿದವರೂ ಸುಳ್ಳು ಹೇಳುವಂತಿಲ್ಲ.

ಹೊಳೆಮಾತು: ಹೊಳೆಯನ್ನು ಕೇಳಿದರೆ ಅದು ಕಂಡದ್ದನ್ನು ಹೇಳುತ್ತದೆ. ಆದರೆ ಉಬ್ಬರ ಮುಗಿದು ಇಳಿತ ಶುರುವಾಗುವ ಮುಂಚೆ ನೀರು ನಿಂತಿರುವ ಸ್ವಲ್ಪ ಹೊತ್ತು ಮಾತ್ರ, ಮತ್ತು ಒಂದೇ ಪ್ರಶ್ನೆ.

ಗಂಧದ ಕೊರಡು: ಗಂಧದ ಮರದಲ್ಲಿ ಕೆತ್ತಿದ ಪ್ರಾಣಿಗೆ ಜೀವ ಬರುತ್ತದೆ, ಪರಿಮಳ ಇರುವಷ್ಟು ಹೊತ್ತು ಕೆಲಸ ಮಾಡುತ್ತದೆ. ಆದರೆ ಕೆತ್ತಿದವರು ತಮ್ಮ ಒಂದು ನೆನಪನ್ನು ಅದಕ್ಕೆ ಕೊಡಬೇಕು. ಕೊಟ್ಟ ನೆನಪು ಹಿಂದೆ ಬರುವುದಿಲ್ಲ.

ಮೂರನೆಯದು ಮೊಮ್ಮಗಳದ್ದು. ನಮ್ಮ ಕಡೆಯ ಗುಡಿಗಾರರು ಗಂಧದಲ್ಲಿ ಕೆತ್ತುವುದನ್ನು ಅವಳು ನೋಡಿದ್ದಾಳೆ. ಈ ‘ಆದರೆ’ ಎಷ್ಟು ಭಾರದ್ದು ಎಂದು ಬರೆಯುವಾಗ ಅವಳಿಗೂ ಗೊತ್ತಿರಲಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ಪುರಾಣದ ದೇವರನ್ನು ಆಟದ ಕಾಯಿ ಮಾಡಬೇಡಿ. ಅದು ಅನೇಕರ ಭಕ್ತಿಯ ವಿಷಯ. ಕತೆಯ ಕಟ್ಟು ತೆಗೆದುಕೊಳ್ಳಿ, ಪಾತ್ರಗಳನ್ನು ಹೊಸದಾಗಿ ಮಾಡಿಕೊಳ್ಳಿ. ಎಲ್ಲ ಮನೆಯ ಮಕ್ಕಳೂ ಒಟ್ಟಿಗೆ ಕೂತು ಆಡಬಹುದು.

ಯಂತ್ರ ಇಲ್ಲದ ಊರಿನಲ್ಲಿ ಬದುಕು

ಯಂತ್ರವಿಲ್ಲ ಎಂದು ಬರೆಯುವುದು ಸುಲಭ. ಯಂತ್ರವಿಲ್ಲದೆ ಸಂಜೆ ಏಳಕ್ಕೆ ಏನಾಗುತ್ತದೆ ಎಂದು ಹೇಳುವುದು ಕಷ್ಟ. ಮಕ್ಕಳು ಪ್ರಶ್ನೆ ಮೇಲೆ ಪ್ರಶ್ನೆ ಕೇಳತೊಡಗಿದರು. ದೀಪಕ್ಕೆ ಎಣ್ಣೆ ಎಲ್ಲಿಂದ? ಕತ್ತಲಲ್ಲಿ ದಾರಿ ಹೇಗೆ? ಭಟ್ಕಳದಿಂದ ಸುದ್ದಿ ಬರಲು ಎಷ್ಟು ದಿನ? ಇಲ್ಲಿ ಹಿರಿಯರಿಗೆ ಕೆಲಸ ಬಂತು.

ಎಣ್ಣೆ: ಕಡಲಂಚಿನ ಸುರಹೊನ್ನೆ ಮರದ ಬೀಜದಿಂದ. ತಿನ್ನಲು ಬಾರದ ಎಣ್ಣೆ, ಉರಿಸಲು ಒಳ್ಳೆಯದು. ದಾರಿಗೆ: ಒಣ ತೆಂಗಿನ ಗರಿ ಕಟ್ಟಿದ ಸೂಡಿ. ಬೀಸುತ್ತಾ ನಡೆಯಬೇಕು, ನಿಂತರೆ ಮಂಕಾಗುತ್ತದೆ. ಉಪ್ಪು: ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಕಡೆ ಕಡಲ ನೀರನ್ನು ಮಡಿಗೆ ಬಿಟ್ಟರೆ ಬಿಸಿಲೇ ಉಪ್ಪು ಕಟ್ಟುತ್ತದೆ. ಮಳೆ ಬಂದರೆ ಕೆಲಸ ನಿಂತಿತು. ಅನ್ನ: ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನು ತಾಳಿಕೊಳ್ಳುವ ಭತ್ತ ಅದು. ಸುತ್ತ ಕಟ್ಟೆ ಕಟ್ಟಿ, ಬಾಗಿಲಿಟ್ಟು, ಉಬ್ಬರದ ನೀರನ್ನು ಬೇಕಾದಾಗ ಬಿಟ್ಟು ಬೇಡವಾದಾಗ ತಡೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಒಂದು ಮೋಟಾರೂ ಇಲ್ಲದ ಈ ವ್ಯವಸ್ಥೆಯಲ್ಲಿ ಎಷ್ಟು ಲೆಕ್ಕ ಅಡಗಿದೆ ನೋಡಿ. ಯಂತ್ರ ಕಡಿಮೆ ಎಂದರೆ ಬುದ್ಧಿ ಕಡಿಮೆ ಎಂದಲ್ಲ.

ಉಬ್ಬರ ಇಳಿತದ ಲೆಕ್ಕವನ್ನು ಹೇಳಿಕೊಟ್ಟವರು ಬಲೆ ಹಾಕಿ ಬದುಕಿದ ನೆರೆಮನೆಯ ಅಜ್ಜ. ದಿನಕ್ಕೆ ಎರಡು ಸಲ ಉಬ್ಬರ. ಪ್ರತಿ ದಿನ ಅದು ಹಿಂದಿನ ದಿನಕ್ಕಿಂತ ಸುಮಾರು ಎರಡು ಗಳಿಗೆ ತಡ. ಒಂದು ಗಳಿಗೆ 24 ನಿಮಿಷ, ಎರಡು ಗಳಿಗೆ 48 ನಿಮಿಷ. ಪುಸ್ತಕದಲ್ಲಿ ಸುಮಾರು 50 ನಿಮಿಷ ಎಂದಿರುತ್ತದೆ. ಅಜ್ಜನ ಲೆಕ್ಕ ಎಷ್ಟು ಹತ್ತಿರ! ಮಕ್ಕಳೇ, 48 ನಿಮಿಷವನ್ನು 15 ದಿನಕ್ಕೆ ಗುಣಿಸಿ. 720 ನಿಮಿಷ, ಅಂದರೆ 12 ಗಂಟೆ. ಹಾಗಾಗಿ ಹುಣ್ಣಿಮೆಯ ದಿನ ಉಬ್ಬರ ಎಷ್ಟು ಹೊತ್ತಿಗೋ ಅಮಾವಾಸ್ಯೆಯ ದಿನವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ. ಆ ಎರಡು ದಿನಗಳ ಆಸುಪಾಸು ನೀರು ಎತ್ತರಕ್ಕೆ ಏರುತ್ತದೆ, ಅಷ್ಟಮಿಯ ಆಸುಪಾಸು ಏರಿಳಿತ ಕಡಿಮೆ. ಗಡಿಯಾರ ಇಲ್ಲದ ನಾಡಿಗೆ ಚಂದ್ರನೇ ಗಡಿಯಾರ.

ದೂರದ ಲೆಕ್ಕವೂ ಬೇಕು. ಹೊರೆ ಹೊತ್ತವರು ದಿನಕ್ಕೆ 25 ಕಿಲೋಮೀಟರ್ ನಡೆಯುತ್ತಾರೆ ಎಂದು ಇಟ್ಟುಕೊಂಡೆವು. ಭಟ್ಕಳದಿಂದ ಹೊನ್ನಾವರ ಸುಮಾರು 40, ಅಲ್ಲಿಂದ ಕುಮಟಾ ಸುಮಾರು 20. ಬಸ್ಸಿನಲ್ಲಿ ನಿದ್ದೆ ಮಾಡಿ ಕಳೆಯುವ ದಾರಿ ನಮ್ಮ ಸೀಮೆಯಲ್ಲಿ ಮೂರು ದಿನದ ಪ್ರಯಾಣವಾಯಿತು. ನಡುವೆ ಶರಾವತಿಗೆ ಸೇತುವೆಯಿಲ್ಲ. ಕುಮಟಾದಿಂದ ಗೋಕರ್ಣಕ್ಕೆ ಈಗಿನ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಅಘನಾಶಿನಿ ಊರಿನಿಂದ ತದಡಿಗೆ ದೋಣಿಯಲ್ಲಿ ದಾಟಿದರೆ ದಾರಿ ಎಷ್ಟೋ ಹತ್ತಿರ. ದೋಣಿಯವನು ನಾಡಿನ ದೊಡ್ಡ ಮನುಷ್ಯನಾಗುವುದು ಹೀಗೆ.

ನಾಲ್ಕು ಕವಡೆಯ ನ್ಯಾಯ

ಅಮೆರಿಕದ ಆಟಕ್ಕೆ ಇಪ್ಪತ್ತು ಮುಖದ ದಾಳ ಬೇಕು. ನಮಗೆ ಚೌಕಾಬಾರದ ನಾಲ್ಕು ಕವಡೆ ಸಾಕು. ಎಸೆದಾಗ ಬಾಯಿ ಮೇಲಾಗಿ ಬಿದ್ದವು ಎಷ್ಟು ಎಂದು ಎಣಿಸಿ. ಕವಡೆ ಹೀಗೂ ಹಾಗೂ ಬೀಳುವ ಸಾಧ್ಯತೆ ಸಮ ಎಂದು ಹಿಡಿದರೆ ನಾಲ್ಕು ಕವಡೆ 16 ರೀತಿಯಲ್ಲಿ ಬೀಳಬಹುದು. ಅದರಲ್ಲಿ ಒಂದೂ ಮೇಲಾಗದ್ದು 1, ಒಂದು ಮೇಲಾಗುವುದು 4, ಎರಡು ಮೇಲಾಗುವುದು 6, ಮೂರು 4, ನಾಲ್ಕೂ ಮೇಲಾಗುವುದು 1.

ಇದರಿಂದ ನಿಯಮ ಮಾಡಿದೆವು. ಸುಲಭದ ಕೆಲಸಕ್ಕೆ ಒಂದಾದರೂ ಮೇಲಾಗಬೇಕು: 16ರಲ್ಲಿ 15 ಸಲ ಗೆಲುವು. ನಡುವಿನದಕ್ಕೆ ಎರಡು: 16ರಲ್ಲಿ 11. ಕಷ್ಟದ್ದಕ್ಕೆ ಮೂರು: 16ರಲ್ಲಿ 5. ಆಗಲಿಕ್ಕಿಲ್ಲ ಎನ್ನುವಂಥದ್ದಕ್ಕೆ ನಾಲ್ಕೂ ಮೇಲಾಗಬೇಕು: 16ರಲ್ಲಿ ಒಂದೇ ಸಲ. ನಿಜವಾದ ಕವಡೆ ಸರಿಸಮ ಬೀಳುತ್ತದೆಯೇ? ನಿಮ್ಮ ಮನೆಯ ಒಂದು ಕವಡೆಯನ್ನು 100 ಸಲ ಎಸೆದು ಬರೆದಿಡಿ. ಶಾಲೆಯ ಲೆಕ್ಕದ ಟೀಚರ್‌ಗೆ ತೋರಿಸಿ, ಅವರಿಗೆ ಖುಷಿಯಾಗುತ್ತದೆ.

ಇನ್ನೊಂದು ನಿಯಮವೂ ಇದೆ. ಕೆಲಸ ಹೇಗೆ ಮಾಡುತ್ತೇನೆ ಎಂದು ಚೆನ್ನಾಗಿ ವಿವರಿಸಿದವರಿಗೆ ಕೆಲಸ ಒಂದು ಮೆಟ್ಟಿಲು ಸುಲಭವಾಗುತ್ತದೆ. “ದೋಣಿ ದಾಟಿಸುತ್ತೇನೆ” ಎಂದರೆ ಮೂರು ಕವಡೆ ಮೇಲಾಗಬೇಕು. “ಇಳಿತದ ಸೆಳೆತ ನಿಲ್ಲುವ ತನಕ ಕಾದು, ಮೇಲಿನ ದಡಕ್ಕೆ ಮೂತಿ ಮಾಡಿ ದಾಟಿಸುತ್ತೇನೆ” ಎಂದರೆ ಎರಡು ಸಾಕು. ತಿಳಿವಳಿಕೆಗೆ ಆಟದಲ್ಲೇ ಬೆಲೆ ಸಿಕ್ಕಿದ ಮೇಲೆ ಮಕ್ಕಳು ನೆರೆಮನೆಯ ಅಜ್ಜನ ಕಟ್ಟೆಗೆ ತಾವಾಗಿಯೇ ಹೋಗಲು ಶುರು ಮಾಡಿದರು.

ಕಟ್ಟೆಯ ಬಾಗಿಲು

ನಾವು ಆಡಿದ ಒಂದು ಪ್ರಸಂಗ ಹೇಳುತ್ತೇನೆ. ಅಘನಾಶಿನಿಯ ಗಜನಿ ಕಟ್ಟೆಯ ಬಾಗಿಲು ಕಾಯುವವನು ಕಾಣೆಯಾಗಿದ್ದಾನೆ, ಬಾಗಿಲು ತೆರೆದೇ ಇದೆ. ಅಮಾವಾಸ್ಯೆಗೆ ಮೂರು ದಿನ. ಆ ದಿನದ ಉಬ್ಬರಕ್ಕೆ ಮುಂಚೆ ಬಾಗಿಲು ಮುಚ್ಚದಿದ್ದರೆ ಬೆಳೆ ಹೋಯಿತು. ಆಡುವವರು ಇರುವುದು ಭಟ್ಕಳದಲ್ಲಿ. ಮೊಮ್ಮಗಳು ಕೆತ್ತನೆಯ ಹುಡುಗಿ. ನೆರೆಮನೆಯ ಅಜ್ಜನ ಮೊಮ್ಮಗ ದೋಣಿಯವನು. ಎಂಟು ವರ್ಷದ ನನ್ನ ಚಿಕ್ಕ ಮೊಮ್ಮಗ ಹಾಸ್ಯಗಾರನಾಗುತ್ತೇನೆ ಎಂದ. ಪ್ರತಿ ಪ್ರಸಂಗದಲ್ಲೂ ಹಾಸ್ಯಗಾರ ಇರಬೇಕಲ್ಲ. ನಾನು ಭಾಗವತಳು.

ಮೊದಲ ದಿನ 25 ಕಿಲೋಮೀಟರ್ ನಡೆದರು. ಎರಡನೆಯ ದಿನ ಉಳಿದ 15 ನಡೆದು ಶರಾವತಿಯ ದಡಕ್ಕೆ ಬಂದರೆ ಇಳಿತದ ಸೆಳೆತ. ಕಾದರೆ ಹೊತ್ತು ಹೋಗುತ್ತದೆ, ದಾಟಿದರೆ ಅಳಿವೆಗೆ ಎಳೆದುಕೊಂಡು ಹೋಗಬಹುದು. ದೋಣಿಯ ಹುಡುಗ ಬೆರಳು ಮಡಚಿ ಗಳಿಗೆ ಎಣಿಸಿ, ಕಾಯೋಣ ಎಂದ. ನೀರು ನಿಂತಾಗ ಹೊಳೆಯನ್ನು ಆ ಒಂದೇ ಪ್ರಶ್ನೆ ಕೇಳಿದರು, ಕಾವಲಿನವನು ಎಲ್ಲಿ ಎಂದು. ಜ್ವರ ಬಂದು ಮಿರ್ಜಾನಿನಲ್ಲಿ ಮಲಗಿದ್ದಾನೆ ಎಂದಿತು ಹೊಳೆ. ಯಾರ ದ್ವೇಷವೂ ಇರಲಿಲ್ಲ. ಕಳ್ಳನನ್ನು ಹಿಡಿಯಲು ಸಿದ್ಧನಾಗಿದ್ದ ಹಾಸ್ಯಗಾರನಿಗೆ ನಿರಾಶೆಯಾಯಿತು.

ಮೂರನೆಯ ದಿನ ಕಟ್ಟೆ ಮುಟ್ಟಿದಾಗ ಬಾಗಿಲು ಕೆಸರಿನಲ್ಲಿ ಹೂತಿತ್ತು. ಮೂವರೂ ಎಳೆದರು. ಒಂದೇ ಕವಡೆ ಮೇಲಾಯಿತು. ನೀರು ಏರುತ್ತಿತ್ತು. ಕೆತ್ತನೆಯ ಹುಡುಗಿಯ ಬಳಿ ಗಂಧದ ಆನೆಯಿತ್ತು.

“ಯಾವ ನೆನಪು ಕೊಡುತ್ತೀ?” ಎಂದು ಕೇಳಿದೆ.

“ನಿನ್ನೆ ತಿಂದ ಊಟದ್ದು” ಎಂದಳು. ಅದು ನೆನಪಲ್ಲ, ಬೇಡದ ವಸ್ತುವನ್ನು ದಾನ ಮಾಡಿದಂತೆ ಎಂದು ಉಳಿದಿಬ್ಬರು ಒಪ್ಪಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅವಳ ಅಜ್ಜಿ ತೊಟ್ಟಿಲು ತೂಗುವಾಗ ಹೇಳುತ್ತಿದ್ದ ಹಾಡು” ಎಂದಳು. ಆನೆಗೆ ಜೀವ ಬಂತು, ಬಾಗಿಲು ಮುಚ್ಚಿತು, ಗದ್ದೆ ಉಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಹಾಡು ಯಾವುದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಅವಳನ್ನು ತೂಗಿದ ಹಾಡು ಅದು.

ಆಗ ದೋಣಿಯ ಹುಡುಗ ನಮ್ಮ ಹಾಳೆಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದ. “ಮೂರು ದಿನ ಒಟ್ಟಿಗೆ ನಡೆದಿದ್ದೇವೆ. ದಾರಿಯಲ್ಲಿ ಅವಳು ಆ ಹಾಡು ಹೇಳಿರುತ್ತಾಳೆ. ನನಗೆ ಅದು ಬರುತ್ತದೆ. ನಾನು ಅವಳಿಗೆ ಮತ್ತೆ ಕಲಿಸಬಹುದಾ?”

ನಾವು ಅರ್ಧ ಗಂಟೆ ಚರ್ಚೆ ಮಾಡಿದೆವು. ಕೊಟ್ಟ ನೆನಪು ಹಿಂದೆ ಬರುವುದಿಲ್ಲ ಎಂದು ನಿಯಮವಿದೆ. ಆದರೆ ಕಲಿಯುವುದು ಹಿಂದೆ ಪಡೆಯುವುದಲ್ಲವಲ್ಲ? ಅಜ್ಜಿಯ ದನಿ, ತೊಟ್ಟಿಲ ಸದ್ದು ಅವಳಿಗೆ ಇನ್ನು ನೆನಪಾಗುವುದಿಲ್ಲ. ಹಾಡನ್ನು ಮಾತ್ರ ಕಲಿಯಬಹುದು, ಗೊತ್ತಿರುವವರು ಇನ್ನೊಬ್ಬರಾದರೂ ಇದ್ದರೆ. ಹಾಗೆಂದು ಹಾಳೆಯಲ್ಲಿ ಹೊಸ ‘ಆದರೆ’ ಬರೆದೆವು.

ಮಂತ್ರದ ಈ ನಿಯಮ ನಮ್ಮ ಊರುಗಳಿಗೂ ಸಲ್ಲುತ್ತದೆ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಹಾಡುಗಳಿಗಾಗಿ. ಆ ಹಾಡುಗಳು ಇದ್ದದ್ದು ಪುಸ್ತಕದಲ್ಲಲ್ಲ, ಅವರ ನೆನಪಿನಲ್ಲಿ. ನೆನಪಿನಲ್ಲಿರುವುದು ಇನ್ನೊಬ್ಬರ ಬಾಯಿಗೆ ಬಂದರೆ ಉಳಿಯುತ್ತದೆ. ನೆರೆಮನೆಯ ಅಜ್ಜನ ಗಳಿಗೆ ಲೆಕ್ಕ ಅವರ ಮಗನಿಗೆ ಬರುವುದಿಲ್ಲ, ಅವನಿಗೆ ಫೋನಿನಲ್ಲಿ ಸಿಗುತ್ತದೆ. ಈಗ ಮೊಮ್ಮಗನಿಗೆ ಬರುತ್ತದೆ.

ನೀವೂ ಕಟ್ಟಿ

ಒಂದು: ನಿಮ್ಮ ಊರಿನ ನಕ್ಷೆ ಬರೆಯಿರಿ. ಹೊಳೆ, ಕೆರೆ, ಗುಡ್ಡ, ಹಳೆಯ ಮರ, ಸಂತೆ ಇರಲಿ. ನಡಿಗೆಯ ದಿನದಲ್ಲಿ ದೂರ ಬರೆಯಿರಿ.

ಎರಡು: ಐದಕ್ಕಿಂತ ಹೆಚ್ಚು ಮಂತ್ರ ಬೇಡ. ಒಂದೊಂದಕ್ಕೂ ‘ಆದರೆ’ ಬರೆಯಿರಿ. ‘ಆದರೆ’ಯಲ್ಲಿ ಹೊತ್ತು, ಜಾಗ, ಬೆಲೆ, ಇವುಗಳಲ್ಲಿ ಒಂದಾದರೂ ಇರಲಿ.

ಮೂರು: ಮಂತ್ರ ಬಾರದ ಜನರೇ ನಾಡಿನಲ್ಲಿ ಹೆಚ್ಚಿರಲಿ. ಅವರು ಏನು ಬೆಳೆಯುತ್ತಾರೆ, ಏನು ಉರಿಸುತ್ತಾರೆ, ಸುದ್ದಿ ಹೇಗೆ ಕಳಿಸುತ್ತಾರೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ.

ನಾಲ್ಕು: ತೊಂದರೆಯಿಂದ ಕತೆ ಶುರು ಮಾಡಿ. ಎಲ್ಲ ತೊಂದರೆಗೂ ರಾಕ್ಷಸ ಕಾರಣನಾಗಬೇಕಿಲ್ಲ. ಜ್ವರ, ಮಳೆ, ಮರೆವು ಸಾಕು.

ಐದು: ಕತೆ ನಡೆಸುವವರು ಸರದಿಯಂತೆ ಬದಲಾಗಲಿ. ಒಂದು ವಾರ ಅಜ್ಜಿ, ಇನ್ನೊಂದು ವಾರ ಮೊಮ್ಮಗಳು.

ಆರು: ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಪಟ್ಟಿ ಮಾಡಿ. ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವುದು ಏನೇನು? ಸೋಗೆ ಹೊದೆಸುವುದು, ಅಪ್ಪೆಹುಳಿಯ ಹದ, ಒಂದು ಹಾಡು, ಒಂದು ಒಳದಾರಿ. ಪ್ರತಿ ಆಟದ ನಂತರ ಅದರಲ್ಲಿ ಒಂದನ್ನು ಇನ್ನೊಬ್ಬರು ಕಲಿಯಬೇಕು.

ನಮ್ಮ ಪಟ್ಟಿಯಲ್ಲಿ ಈಗ 27 ಸಾಲುಗಳಿವೆ, ಅದರಲ್ಲಿ ನಾಲ್ಕಕ್ಕೆ ಗುರುತು ಬಿದ್ದಿದೆ. ಐದನೆಯದು ಸೂಡಿ ಕಟ್ಟುವುದು. ಅದಕ್ಕೆ ಒಣ ಗರಿ ಬೇಕು, ಮಳೆ ಎರಡು ದಿನ ಬಿಡಬೇಕು. ಅಷ್ಟರೊಳಗೆ ಹಾಸ್ಯಗಾರನಿಗೆ ಕವಡೆ ಎಣಿಸಲು ಕಲಿಸಬೇಕಾಗಿದೆ. ಎರಡು ಬಿದ್ದರೂ ಅವನು ಮೂರು ಎನ್ನುತ್ತಾನೆ.